ಅಮ್ಮನ ಪಕ್ಕದಲ್ಲಿ ನಿಂತವಳು

ಮುಂಡಾಜೆಯ ತುಕ್ರಪ್ಪಣ್ಣನ ಮಗಳು ಮೋಕ್ಷಿತಾ ಹಾಕಿ ಲೀಗಿನಿಂದ ವಾಪಸ್ ಬಂದಾಗ ಊರಿನವರಾದ ನಮ್ಮ ಬಾಯಿಗೆ ಬಿಡುವಿರಲಿಲ್ಲ. "ದೃಷ್ಟಿ ತಾಗಿತು" ಎಂದವರು ಕೆಲವರು, "ಹೆಸರು ತಲೆಗೆ ಹತ್ತಿತು" ಎಂದವರು ಹಲವರು. ಹೊಗಳುವಾಗಲೂ ನಾವೇನು ಹಿಂದೆ ಬಿದ್ದಿರಲಿಲ್ಲ. ಲೀಗಿಗೆ ಹೋಗುವ ಮೊದಲು ಮೂಡುಬಿದಿರೆಯ ಟೂರ್ನಿಯ ಫೈನಲ್‌ನಲ್ಲಿ ಚೆಂಡು ಹಣೆಗೆ ಬಡಿದು ಬಿದ್ದವಳು ಎದ್ದು ಮತ್ತೆರಡು ಗೋಲು ಹೊಡೆದಿದ್ದಳು. ಅದನ್ನೇ ಫ್ಲೆಕ್ಸ್‌ನಲ್ಲಿ ಬರೆಸಿ ಪೇಟೆಯಲ್ಲಿ ನಿಲ್ಲಿಸಿದೆವು. ತಿಂಗಳೊಳಗೆ ಹೊರರಾಜ್ಯದ ಲೀಗ್ ತಂಡವೊಂದು ಅವಳನ್ನು ಕರೆಸಿಕೊಂಡಿತು.

ಅಲ್ಲಿ ಅವಳ ಸ್ಟಿಕ್ ಚೆಂಡಿಗೆ ತಾಗಲೇ ಇಲ್ಲ. ಚೆಂಡಿನಿಂದ ಒಂದು ಗೇಣು ಆಚೆಗೆ, ಬರಿಯ ನೆಲಕ್ಕೆ ಹೊಡೆಯುತ್ತಿದ್ದಳು. ನಾಲ್ಕು ಪಂದ್ಯ ನೋಡಿ ಮನೆಗೆ ಕಳಿಸಿದರು.

ಬಂದವಳು ಹೋದವಳಂತಿರಲಿಲ್ಲ. ಹಗಲು ಹೊತ್ತಿನಲ್ಲಿ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲಲ್ಲಿ ಕೂರುತ್ತಿದ್ದಳು. ಮಿಕ್ಸಿಯ ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವಳು ತುತ್ತು ಕೈಯಲ್ಲೇ ಹಿಡಿದು ತಾಯಿ ಸೇಸಮ್ಮನನ್ನು ನೋಡುತ್ತಾ ಉಳಿದಳು.

"ಅಮ್ಮಾ, ನಿನ್ನ ಪಕ್ಕದಲ್ಲಿ ನಿಂತದ್ದು ಯಾರು?"

ಸೇಸಮ್ಮ ತಿರುಗಿ ನೋಡಿದರು. ಗೋಡೆಯೊಂದೇ ಇತ್ತು. "ಯಾರೂ ಇಲ್ವಲ್ಲ ಮಗಾ?"

"ಉಂಟು. ನಿನ್ನ ಸೀರೆಯ ಹಾಗಿನದ್ದೇ ಸೀರೆ. ಮುಖ ಸರಿ ಕಾಣುವುದಿಲ್ಲ. ನೀನು ತಿರುಗುವಾಗ ಅವಳೂ ತಿರುಗ್ತಾಳೆ."

ಸೇಸಮ್ಮ ಗಂಡನನ್ನು ಕೂಗಿ ಕರೆದರು. ತುಕ್ರಪ್ಪಣ್ಣನ ತಂಗಿ ಭಾಗಿ ಇಪ್ಪತ್ತರ ಪ್ರಾಯದಲ್ಲಿ, ಮದುವೆಯಾಗದೆ ತೀರಿಕೊಂಡಿದ್ದಳು. ಅಂಥವರಿಗೆ ಇನ್ನೊಂದು ಮನೆಯಲ್ಲಿ ತೀರಿಹೋದ ಹುಡುಗನನ್ನು ಹುಡುಕಿ ಮದುವೆ ಮಾಡಿಸುವ ಕ್ರಮ ನಮ್ಮ ಕಡೆ ಉಂಟು. ಮಾಡದಿದ್ದರೆ ಅವರು ಮನೆಯವರನ್ನು ಕಾಡುತ್ತಾರೆಂಬ ನಂಬಿಕೆ. ಭಾಗಿಗೆ ಅದನ್ನು ಮಾಡಿರಲಿಲ್ಲ. ಅವಳೇ ಬಂದಿದ್ದಾಳೆ ಎಂದು ಮನೆಯವರು ತೀರ್ಮಾನಿಸಿದರು. ಬೆಳ್ತಂಗಡಿ ಕಡೆಯ ಒಂದು ಮನೆಯಲ್ಲಿ ಅಂಥ ಹುಡುಗ ಸಿಕ್ಕಿದ, ಭಾನುವಾರ ಮದುವೆ ಎಂದಾಯಿತು.

ಅಷ್ಟರಲ್ಲಿ ತಂಡದಿಂದ ಫೋನ್ ಬಂತು. ಸೋಮವಾರ ಕ್ಯಾಂಪಿಗೆ ಬಂದರೆ ಇನ್ನೊಂದು ಅವಕಾಶವಂತೆ.

"ಭಾನುವಾರ ಭಾಗಿಯ ಕಾರ್ಯ ಮುಗಿಸುವ, ಸೋಮವಾರ ಇವಳನ್ನು ಕಳಿಸುವ" ಎಂದರು ತುಕ್ರಪ್ಪಣ್ಣ.

ಶುಕ್ರವಾರ ಅವರ ಬಿಪಿ ನೋಡಲು ಉಪಕೇಂದ್ರದ ಆರೋಗ್ಯಾಧಿಕಾರಿ ಝೈನಬ್ ಬಂದರು. ಮಾತಿನ ನಡುವೆ ವಿಷಯ ಅವರ ಕಿವಿಗೂ ಬಿತ್ತು.

"ಫೈನಲ್ ದಿನ ಪೆಟ್ಟು ಬಿದ್ದ ಮೇಲೆ ಡಾಕ್ಟರಿಗೆ ತೋರಿಸಿದ್ರಾ ಸೇಸಮ್ಮಕ್ಕ?"

"ರಕ್ತವೇ ಬರ್ಲಿಲ್ಲ ಮೇಡಂ. ಎರಡು ಸಲ ವಾಂತಿ ಮಾಡಿದ್ಲು, ಅಷ್ಟೇ."

"ಇದು ಪೆಟ್ಟಿನದ್ದಲ್ಲ" ಎಂದರು ತುಕ್ರಪ್ಪಣ್ಣ. "ಇದು ನಮ್ಮ ಭಾಗಿ. ನಿಮಗೆ ಇದೆಲ್ಲ ಗೊತ್ತಾಗ್ಲಿಕ್ಕಿಲ್ಲ ಮೇಡಂ."

ಝೈನಬ್ ನಗಲಿಲ್ಲ, ವಾದವನ್ನೂ ಮಾಡಲಿಲ್ಲ. ಕತ್ತಲ ಕೋಣೆಗೆ ಹೋಗಿ ಮೋಕ್ಷಿತಾಳ ಹತ್ತಿರ ಕುಳಿತರು. ಸೇಸಮ್ಮನನ್ನು ಬಾಗಿಲಲ್ಲಿ ನಿಲ್ಲಿಸಿದರು.

"ಅಮ್ಮನನ್ನು ನೋಡು. ಅವಳು ಈಗ ಉಂಟಾ?"

"ಉಂಟು. ಅಮ್ಮನಿಗೆ ತಾಗಿಯೇ ನಿಂತಿದ್ದಾಳೆ."

ಸೇಸಮ್ಮನಿಗೆ ಅಲುಗಾಡಲು ಭಯ.

"ಒಂದು ಕಣ್ಣು ಕೈಯಲ್ಲಿ ಮುಚ್ಚು. ಈಗ?"

ಮೋಕ್ಷಿತಾ ಅಂಗೈಯಿಂದ ಒಂದು ಕಣ್ಣು ಮುಚ್ಚಿ ನೋಡಿದಳು.

"ಹೋದಳು."

"ಕೈ ತೆಗೆ."

"ಬಂದಳು."

ಇನ್ನೊಂದು ಕಣ್ಣು ಮುಚ್ಚಿಸಿದಾಗಲೂ ಹೋದಳು. ತೆಗೆದಾಗ ಬಂದಳು.

"ತುಕ್ರಪ್ಪಣ್ಣ, ಭಾಗಿಯಕ್ಕ ಆಗಿದ್ರೆ ಒಂದು ಕಣ್ಣು ಮುಚ್ಚಿದ ಕೂಡ್ಲೇ ಹೋಗ್ತಿದ್ರಾ? ಇವಳಿಗೆ ಕಾಣುವುದು ಸೇಸಮ್ಮಕ್ಕನೇ, ಎರಡೆರಡು. ತಲೆಯೊಳಗೆ ಪೆಟ್ಟಾಗಿದೆ. ಲೀಗಿನಲ್ಲಿ ಚೆಂಡೂ ಎರಡು ಕಂಡಿರಬೇಕು."

ಮೋಕ್ಷಿತಾ ಬಿಕ್ಕಿ ಅತ್ತಳು. "ಹೌದು. ಹೇಳಿದ್ರೆ ತಂಡದಿಂದ ತೆಗೀತಾರೆ ಅಂತ ಸುಮ್ಮನಿದ್ದೆ. ಇಲ್ಲಿ ನೀವು ಭಾಗಿ ಅತ್ತೆ ಅಂದ್ರಿ, ನಾನೂ ನಂಬಿದೆ."

"ಹಾಗಾದ್ರೆ ಮದುವೆ?" ಎಂದು ಸೇಸಮ್ಮ ಮೆಲ್ಲಗೆ ಕೇಳಿದರು.

"ಮಾಡಿಸಿ ಅಕ್ಕ, ನಿಮ್ಮ ಕ್ರಮಕ್ಕೆ ನಾನು ಬೇಡ ಹೇಳುವುದಿಲ್ಲ. ಆದ್ರೆ ಇವಳನ್ನು ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗುವ. ವಾಸಿಯಾಗದ ತಲೆಗೆ ಇನ್ನೊಂದು ಪೆಟ್ಟು ಬಿದ್ರೆ ಜೀವಕ್ಕೇ ಅಪಾಯ. ಆಮೇಲೆ ಇವಳಿಗೂ ತೀರಿಹೋದ ಹುಡುಗನನ್ನೇ ಹುಡುಕಬೇಕಾದೀತು."

ತುಕ್ರಪ್ಪಣ್ಣ ಎದ್ದು ಜೀಪಿಗೆ ಫೋನ್ ಮಾಡಿದರು. ಎರಡನೆಯ ಫೋನ್ ತಂಡಕ್ಕೆ. "ಮಗಳು ಬರುವುದಿಲ್ಲ. ತಲೆಗೆ ಪೆಟ್ಟಾಗಿದೆ. ಮುಚ್ಚಿಟ್ಟದ್ದು ನಮ್ಮ ತಪ್ಪು."

ಕಣ್ಣನ್ನು ತಿರುಗಿಸುವ ನರಕ್ಕೆ ಪೆಟ್ಟಾಗಿದೆ ಎಂದರು ಮಂಗಳೂರಿನ ಡಾಕ್ಟರು. ತಿಂಗಳುಗಟ್ಟಲೆ ವಿಶ್ರಾಂತಿ ಬೇಕು. ಮತ್ತೆ ಆಡುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು. ಅವಳ ಆಟ ಕೆಟ್ಟದ್ದು ಯಾರ ದೃಷ್ಟಿ ತಾಗಿಯೂ ಅಲ್ಲ, ಜಂಬದಿಂದಲೂ ಅಲ್ಲ. ಆ ಫೈನಲ್ ದಿನ ಮೈದಾನದಲ್ಲಿ ನಾನೂ ಇದ್ದೆ. ತೂರಾಡುತ್ತಾ ಎದ್ದವಳಿಗೆ "ಆಡು, ಆಡು" ಎಂದು ಕೂಗಿದವರಲ್ಲಿ ನಾನೂ ಒಬ್ಬಳು. ನೆನೆದರೆ ನಾಚಿಕೆಯಾಗುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ಆಟದಲ್ಲಾಗಲಿ ಬೈಕಿನಲ್ಲಾಗಲಿ ಮಕ್ಕಳ ತಲೆಗೆ ಪೆಟ್ಟು ಬಿದ್ದರೆ ರಕ್ತ ಬರಲಿಲ್ಲವೆಂದು ಸುಮ್ಮನಿರಬೇಡಿ. ಅವತ್ತು ಮತ್ತೆ ಆಡಿಸಲೇಬೇಡಿ. ತಲೆನೋವು, ವಾಂತಿ, ಮಂಕು, ಬೆಳಕು ಸದ್ದು ಆಗದಿರುವುದು, ಒಂದು ಎರಡಾಗಿ ಕಾಣುವುದು, ಇದರಲ್ಲಿ ಯಾವುದಿದ್ದರೂ ತಡಮಾಡದೆ ಡಾಕ್ಟರಿಗೆ ತೋರಿಸಿ. ಅವರು ಸರಿ ಎಂದ ಮೇಲೆಯೇ ಮೈದಾನ. ಮಗು ಬಿದ್ದಾಗ "ಸಾಕು, ಹೊರಗೆ ಬಾ" ಎಂದು ಯಾರಾದರೊಬ್ಬರು ಹೇಳಬೇಕು. ಅದನ್ನು ನೀವೇ ಹೇಳಿ.