ಸೂಪರ್‌ವೈಸರ್ ಮೇಜಿನ ಮೇಲಿನ ಅಣಬೆ

ತೊಂಬತ್ತೆಂಟರ ಮಳೆಗಾಲದಲ್ಲಿ ತಾಂಡ್ಯ ಕೈಗಾರಿಕಾ ಪ್ರದೇಶದ ನಮ್ಮ ಫ್ಯಾಕ್ಟರಿ ಮುಂದಿನ ಹುಲ್ಲುಹಾಸು ಇಲಿ ಸತ್ತ ಹಾಗೆ ನಾರತೊಡಗಿತು. ಅಲ್ಲಿ ಕಳೆ ಕಿತ್ತು ನೀರು ಬಿಡುವವಳು ನಾನು, ಮಂಚಮ್ಮ. ತಪ್ಪು ಇನ್ಯಾರ ತಲೆಗೆ ಬಂದೀತು?

ಸೂಪರ್‌ವೈಸರ್ ಶಿವರಾಜು ಮೂಗಿಗೆ ಕರ್ಚೀಫು ಒತ್ತಿಕೊಂಡು ಎಲ್ಲರೆದುರಿಗೆ ಕೂಗಾಡಿದ. ಅವನೆದುರಿಗೆ ಸಾ, ಅಂದರೆ ಸಾರ್, ಅನ್ನುತ್ತಿದ್ದೆ; ಈಗ ಕಥೆ ಹೇಳುವಾಗ ಅನ್ನುವುದಿಲ್ಲ.

"ತಿಂದ ಮೀನು, ಮೂಳೆ ಎಲ್ಲ ಇಲ್ಲೇ ಹೂತಿದ್ದೀಯ. ನಿಮ್ಮ ಜನದ ಬುದ್ಧಿ ಎಲ್ಲಿ ಹೋಗುತ್ತೆ! ನಾಳೆಯಿಂದ ಕೆಲಸಕ್ಕೆ ಬರಬೇಡ."

ಅವತ್ತು ನನ್ನ ಬುತ್ತಿಯಲ್ಲಿ ಇದ್ದದ್ದು ಮುದ್ದೆ, ಹುರುಳಿಸಾರು. ಆದರೆ ಹೇಳಲಿಲ್ಲ. ಮೀನು ತಿನ್ನುವುದೇನು ಕಳ್ಳತನವೇ?

"ಮೂಳೆ ತೋರ್ಸಿ ಸಾ," ಎಂದು ಗುದ್ದಲಿ ಚಾಚಿದೆ. ಅವನು ಮುಟ್ಟಲಿಲ್ಲ. ನಾನೇ ಅಗೆದೆ. ಮೂಳೆಯೂ ಇಲ್ಲ, ಇಲಿಯೂ ಇಲ್ಲ. ಹುಲ್ಲಿನ ನಡುವೆ ಬೆರಳುದ್ದದ ಕೆಂಪು ಕಾಂಡಗಳು, ತುದಿಯಲ್ಲಿ ಕಪ್ಪು ಲೋಳೆ, ಅದರ ಮೇಲೆ ನೊಣ. ಪಕ್ಕದ ಮಣ್ಣಿನಲ್ಲಿ ಕೋಳಿಮೊಟ್ಟೆಯಂಥ ಬಿಳಿ ಉಂಡೆಗಳು.

"ಅಣಬೆ ಸಾ ಇದು. ನಾರೋ ಅಣಬೆ. ನಮ್ಮ ಬನ್ನೂರ್ ಕಡೆ ಕಬ್ಬಿನ ತರಗು ಕೊಳ್ತ ಕಡೆ ಏಳ್ತದೆ."

"ಅಣಬೆ ಹಿಂಗೆ ನಾರುತ್ತಾ? ಯಾರಿಗೆ ಕಥೆ ಹೇಳ್ತೀಯ?"

ಒಡೆಯದ ಒಂದು ಉಂಡೆಯನ್ನು ಒದ್ದೆಮಣ್ಣಿನ ಸಮೇತ ಗಾಜಿನ ಲೋಟಕ್ಕೆ ಹಾಕಿದೆ. ಅವನ ರೂಮಿಗೆ ಹೋಗಿ ಮೇಜಿನ ಮೇಲೆ ಇಟ್ಟೆ.

"ಮೂಸಿ ನೋಡಿ, ಈಗ ನಾರಲ್ಲ. ಬೀಗ ಆಕ್ಕೊಂಡು ಬೀಗದಕೈ ನೀವೇ ಇಟ್ಕಳಿ. ಬೆಳಿಗ್ಗೆ ನಾರ್ದೆ ಇದ್ರೆ ನಾನಾಗೇ ಓಯ್ತೀನಿ."

ಬೆಳಿಗ್ಗೆ ಬಾಗಿಲು ತೆಗೆದವನೇ ವಾಕರಿಸುತ್ತ ಹೊರಗೆ ಓಡಿಬಂದ. ಲೋಟದಲ್ಲಿ ಉಂಡೆ ಬಿರಿದು ಕೆಂಪು ಕಾಂಡ ಎದ್ದು ನಿಂತಿತ್ತು. ಶಿಫ್ಟಿಗೆ ಬಂದವರೆಲ್ಲ ಬಾಗಿಲಲ್ಲಿ ಸೇರಿ ನಕ್ಕರು.

ಗದ್ದಲ ಕೇಳಿ ಬಂದ ಮ್ಯಾನೇಜರು, "ಇದು ಇಲ್ಲಿಗೆ ಹೇಗೆ ಬಂತಮ್ಮ?" ಎಂದರು.

"ಉಲ್ಲಿಗೆ ಗೊಬ್ಬರ ಅಂತ ಲಾರಿ ತುಂಬ ಕೊಳ್ತ ತರಗು ತರ್ಸಿದ್ದು ಶಿವರಾಜು ಸಾರೇ. ಬ್ಯಾಡ ಅಂದಿದ್ದೆ."

ಶಿವರಾಜು ಮುಖ ಸಪ್ಪಗಾಯಿತು. "ಆಯ್ತು, ಕೆಲಸಕ್ಕೆ ಹೋಗಮ್ಮ. ಮೊದಲು ಇದನ್ನ ಎತ್ತಾಕು," ಎಂದ.

"ನೆನ್ನೆ ಎಲ್ಲರ ಮುಂದೆ ಅಂದ್ರಿ. ತಪ್ಪಾಯ್ತು ಅಂತ ಇವತ್ತೂ ಎಲ್ಲರ ಮುಂದೆ ಅನ್ನಿ. ಅಲ್ಲೀಗಂಟ ಅದು ಅಲ್ಲೇ ಇರ್ತದೆ."

ಮಧ್ಯಾಹ್ನದ ಗಂಟೆ ಹೊಡೆಯುವವರೆಗೂ ಆ ನಾತ ತಡೆದುಕೊಂಡ. ಆಮೇಲೆ ಎಲ್ಲರೂ ಊಟಕ್ಕೆ ಕೂತಿದ್ದಲ್ಲಿಗೆ ಬಂದು, ತಲೆ ತಗ್ಗಿಸಿ, ತಪ್ಪಾಯಿತು ಅಂದ.

ಅವತ್ತು ಬೇಕೆಂದೇ ಒಣಮೀನಿನ ಸಾರು ತಂದಿದ್ದೆ. ಹುಲ್ಲುಹಾಸಿನ ನಡುವೆ ಕೂತು ನಿಧಾನವಾಗಿ ಉಂಡೆ. ಕೈ ತೊಳೆದು, ಆಮೇಲೆ ಹೋಗಿ ಲೋಟ ಎತ್ತಿದೆ.