ಮಾಯಮ್ಮನ ಲಕ್ಕಿ ಕೈ

ಭಾನುವಾರ ಮುಜೀಬ್ ಸಾಬರ ಫೋನ್ ಬಂತು.

"ಮಾಯಮ್ಮ, ನಾಳೆ ಹೊಸ ಮೆಷಿನ್ ಶುರು. ಒಂಬತ್ತಕ್ಕೆ ಬಂದ್ಬಿಡಿ. ನಿಮ್ ಕೈ ಲಕ್ಕಿ ಕೈ."

ರಾಮನಗರದ ಅವರ ರೇಷ್ಮೆ ಘಟಕದಲ್ಲಿ ಮಾಯಮ್ಮ ಇಪ್ಪತ್ತೆರಡು ವರ್ಷ ನೂಲು ತೆಗೆದಿದ್ದಳು. ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ ರಾಟೆಗೆ ಕೊಡುವ ಕೆಲಸ. ಬೇರೆಯವರ ಎಳೆ ದಿನಕ್ಕೆ ನಲವತ್ತು ಸಲ ಕಡಿದರೆ ಅವಳದು ನಾಲ್ಕೋ ಐದೋ ಸಲ. ಅಷ್ಟು ಕಲಿಯಲು ಮೂರು ವರ್ಷ ಹಿಡಿದಿತ್ತು, ಬೆರಳ ತುದಿಯ ಚರ್ಮ ಸತ್ತಿತ್ತು. ಘಟಕದಲ್ಲಿ ಅದಕ್ಕೆ ಲಕ್ಕು ಎನ್ನುತ್ತಿದ್ದರು. ಬೀದಿಯಲ್ಲಿ ಯಾರು ಹೊಸ ತೊಟ್ಟಿ ಹಾಕಿಸಿದರೂ ಮೊದಲ ಎಳೆ ತೆಗೆಯಲು ಅವಳನ್ನೇ ಕರೆಸಿ, ರವಿಕೆ ಕಣ ಕೊಟ್ಟು ಕಳಿಸುತ್ತಿದ್ದರು.

ಎರಡು ತಿಂಗಳ ಹಿಂದೆ ಮುಜೀಬ್ ಸಾಬರು ಹಳೆಯ ತೊಟ್ಟಿಗಳನ್ನು ಒಡೆಸಿ ಆರು ಜನ ಹೆಂಗಸರನ್ನೂ ಮನೆಗೆ ಕಳಿಸಿದ್ದರು. ಹೊಸ ಮೆಷಿನ್ನಿಗೆ ಇಬ್ಬರು ಸಾಕಂತೆ. ಆ ಇಬ್ಬರಲ್ಲಿ ತಾನೊಬ್ಬಳಾಗಬೇಕು ಎಂಬುದು ಮಾಯಮ್ಮನ ಆಸೆ. ಮನೆಯಲ್ಲಿ ಅವಳೊಬ್ಬಳೇ. ಈ ಎರಡು ತಿಂಗಳಲ್ಲಿ ಎಷ್ಟೋ ದಿನ ಸಂಜೆಯವರೆಗೆ ಬಾಯಿ ತೆರೆಯುವ ಪ್ರಸಂಗವೇ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಡಬ್ಬಿಗೆ ಅನ್ನ, ಹುರುಳಿ ಸಾರು ಹಾಕಿಕೊಂಡು ಹೊರಟಳು. ಕೆಲಸ ಕಳೆದುಕೊಂಡವರಲ್ಲಿ ಇನ್ನೊಬ್ಬಳಾದ ಮುನ್ನೀ ನಲ್ಲಿಯ ಹತ್ತಿರ ಸಿಕ್ಕಳು.

"ಏನ್ ಮಾಯಕ್ಕ, ಡಬ್ಬಿ ಬ್ಯಾಗು? ಕೆಲ್ಸ ಸಿಕ್ತಾ?"

"ಕರ್ದವ್ರೆ ಕಣೆ."

"ಲಕ್ಕಿ ನೀನು. ಗಂಡ ಇಲ್ಲ, ಮಕ್ಳಿಲ್ಲ, ಎಲ್ಗೋದೆ ಅಂತ ಕೇಳೋರಿಲ್ಲ. ನನ್ ನೋಡು, ಮೂರು ಹೆಣ್ಮಕ್ಳು, ಮೇಲೊಬ್ಳು ಅತ್ತೆ."

"ನಿಮ್ಮತ್ತೇನ ಒಂದ್ವಾರ ನಮ್ಮನೇಗ್ ಕಳ್ಸು."

"ತಿಂಗ್ಳೇ ಇಟ್ಕೊ. ವಾಪಸ್ ಮಾತ್ರ ತರ್ಬ್ಯಾಡ!"

ಮುನ್ನೀ ನಕ್ಕಳು. ಮಾಯಮ್ಮ ಹೇಳಿದ್ದು ಪೂರ್ತಿ ತಮಾಷೆಯಾಗಿರಲಿಲ್ಲ.

ಘಟಕದಲ್ಲಿ ಎಲ್ಲರೂ ಹೊಸ ಬಟ್ಟೆಯಲ್ಲಿದ್ದರು. ಮಾಯಮ್ಮ ಮಾತ್ರ ಕೆಲಸದ ಸೀರೆ ಉಟ್ಟಿದ್ದಳು. ದುವಾ ಪ್ರಾರ್ಥನೆ ಮುಗಿದ ಮೇಲೆ ಸಾಬರು ಹಸಿರು ಗುಂಡಿ ತೋರಿಸಿದರು. ಅವಳು ಒತ್ತಿದಳು. ಮೆಷಿನ್ ತಿರುಗಿತು, ಆದರೆ ಎಳೆಗಳು ಪಟಪಟ ಕಡಿದವು. ಮೆಷಿನ್ ಜೋಡಿಸಲು ಬಂದಿದ್ದ ಇಂಜಿನಿಯರು ಬೆವೆತುಹೋದ. ಮಾಯಮ್ಮ ನೀರಿನಿಂದ ಒಂದು ಗೂಡು ಎತ್ತಿ ಚಿವುಟಿ ನೋಡಿದಳು.

"ಗೂಡು ಬೆಂದಿಲ್ಲ. ಇನ್ನೊಸಿ ಬೇಯ್ಬೇಕು."

ಬೇಯಿಸಿದರು. ಎಳೆಗಳು ಕಡಿಯದೆ ನಿಂತವು.

"ನೋಡಿದ್ರಾ?" ಸಾಬರು ಇಂಜಿನಿಯರನ ಬೆನ್ನು ತಟ್ಟಿದರು. "ಹೇಳ್ಲಿಲ್ವಾ, ಲಕ್ಕಿ ಕೈ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಬರು ಅವಳ ಕೈಗೆ ಸ್ವೀಟ್ ಬಾಕ್ಸ್ ಇಟ್ಟರು.

"ಸಾಬ್ರೆ, ನಾಳೆಯಿಂದ ಎಷ್ಟೊತ್ಗೆ ಬರ್ಲಿ?"

"ನಾಳೆ ಯಾಕಮ್ಮ? ಸ್ಕ್ರೀನ್ ಓದೋಕೆ ಬರೋರು ಬೇಕು. ಚನ್ನಪಟ್ಟಣದಿಂದ ಇಬ್ರು ಹುಡುಗೀರು ಬರ್ತಾರೆ." ಅವರ ದನಿಯಲ್ಲಿ ಕೆಡುಕೇನೂ ಇರಲಿಲ್ಲ. "ಮುಂದಿನ ತಿಂಗಳು ನನ್ ತಮ್ಮನ ಮೆಷಿನ್ ಬರುತ್ತೆ. ಅದಕ್ಕೂ ನೀವೇ ಗುಂಡಿ ಒತ್ಬೇಕು."

"ಅವತ್ತು ಡಬ್ಬಿ ತರ್ಬೇಕಾ, ಬ್ಯಾಡ್ವಾ? ಮೊದ್ಲೇ ಹೇಳ್ಬುಡಿ."

ಸಾಬರು ಅವಳ ಕೈಯಲ್ಲಿದ್ದ ಬ್ಯಾಗು ನೋಡಿದ್ದು ಆಗಲೇ. ಏನೋ ಹೇಳಹೋದರು. ಅಷ್ಟರಲ್ಲಿ ಯಾರೋ ಫೋಟೋಗೆ ಕರೆದರು.

ಹೊರಗೆ ಬಂದಾಗ ಹನ್ನೊಂದೂ ಆಗಿರಲಿಲ್ಲ. ಈಗ ಮನೆಯ ಬೀದಿಗೆ ಹೋದರೆ ಮುನ್ನೀ ಬಾಗಿಲಲ್ಲೇ ಕೂತಿರುತ್ತಾಳೆ, ಕೆಲಸ ಏನಾಯಿತೆಂದು ಕೇಳುತ್ತಾಳೆ. ಮಾಯಮ್ಮ ಬಸ್ ನಿಲ್ದಾಣಕ್ಕೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತಳು. ಕನಕಪುರದ ಬಸ್ಸು, ಮಾಗಡಿಯ ಬಸ್ಸು ಬಂದವು, ಹೋದವು. ಎರಡು ಸಲ ಕಂಡಕ್ಟರು "ಎಲ್ಲಿಗಮ್ಮ?" ಎಂದು ಕೇಳಿದ. ಅವಳು ಎಲ್ಲಿಗೂ ಇಲ್ಲವೆಂದು ತಲೆಯಾಡಿಸಿದಳು.

ಒಂದು ಗಂಟೆಗೆ, ಘಟಕದಲ್ಲಿ ಊಟಕ್ಕೆ ಬಿಡುತ್ತಿದ್ದ ಹೊತ್ತಿಗೆ ಸರಿಯಾಗಿ, ಡಬ್ಬಿ ತೆರೆದು ಉಂಡಳು. ಆಮೇಲೆ ಡಬ್ಬಿ ತೊಳೆದುಕೊಂಡು ಬಂದು ಅದೇ ಬೆಂಚಿನ ಮೇಲೆ ಕೂತಳು. ಕೆಲಸ ಬಿಡುವ ಹೊತ್ತಿಗೆ ಇನ್ನೂ ನಾಲ್ಕೂವರೆ ಗಂಟೆ ಇತ್ತು.