ಮೇಲಿನ ಸಾಲಿನ ಉಸಿರು

ಒಬ್ಬೊಬ್ಬರನ್ನೇ ಕರೆದು ವಿಚಾರಿಸುವುದೇ ಮರ್ಯಾದೆ ಎಂದು ಸುಗನ್ಯಾ ನಂಬಿದ್ದಳು. ತಿರುಪ್ಪೂರಿನ ಬಳಿ, ಕಾಂಗೇಯಂ ರಸ್ತೆಯ ನೂಲಿನ ಮಿಲ್ಲಿನಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸ ಅವಳದು. ಹತ್ತಿಯ ಧೂಳು ಕುಡಿಯುವ ಕಾರ್ಮಿಕರಿಗೆ ಅಲ್ಲಿ ಪ್ರತಿ ಜನವರಿಯಲ್ಲಿ ಎದೆಯ ಬಲ ಅಳೆಯಲು ಕೊಳವೆಗೆ ಊದುವ ಪರೀಕ್ಷೆ. ಅಳತೆ ನೋಡಿ ‘ಎದೆ ಚೆನ್ನಾಗಿದೆ’ ಎಂದೋ ‘ಮತ್ತೆ ಪರೀಕ್ಷೆಗೆ ಬನ್ನಿ’ ಎಂದೋ ಚೀಟಿ ಹೊರಡಿಸುವ ಪ್ರೋಗ್ರಾಂ ಅವಳೇ ಬರೆದದ್ದು.

ಹೆಸರನ್ನೂ ಅಳತೆಯನ್ನೂ ಒಂದೇ ಏಟಿಗೆ ಜೋಡಿಸಿಬಿಡು, ಅಳತೆ ಇಲ್ಲದವರ ಜಾಗ ತಾನಾಗಿ ಖಾಲಿ ಉಳಿಯುತ್ತದೆ ಎಂದು ಮೇಲಧಿಕಾರಿ ನಂದಕುಮಾರ್ ಆಗಲೇ ಹೇಳಿದ್ದರು. ಇವಳು ಕೇಳಲಿಲ್ಲ, ಪ್ರೋಗ್ರಾಮಿನೊಳಗೆ ಕರ್ಸರ್ ಎಂಬ ವಿಧಾನ ಇಟ್ಟಳು. ಅದು ಪಟ್ಟಿಯಲ್ಲಿ ಒಂದೊಂದೇ ಸಾಲು ಇಳಿಯುತ್ತದೆ. ಒಬ್ಬರನ್ನು ಎತ್ತಿಕೊಂಡು, ಅವರ ಅಳತೆ ಹುಡುಕಿ, ಚೀಟಿ ಬರೆದು ಮುಂದಿನವರ ಬಳಿ ಹೋಗುತ್ತದೆ. ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದ ಹಾಗೆ ಎಂದು ಅವಳಿಗೆ ಹೆಮ್ಮೆ.

ಅವಳನ್ನು ಸಾಕಿದ ಚಿಕ್ಕವ್ವ ಪಾಪಾತಿ ಅದೇ ಮಿಲ್ಲಿನ ಹತ್ತಿ ಹಿಂಜುವ ಕಾರ್ಡಿಂಗ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಆ ವರ್ಷದ ಪರೀಕ್ಷೆಯ ದಿನ ಅವಳು ರಜೆ ಹಾಕಿದ್ದಳು. ಸುಗನ್ಯಾಳ ಮಗುವಿಗೆ ಅಂದು ಕಿವಿ ಚುಚ್ಚುವ ಶಾಸ್ತ್ರ. ಅರವತ್ತು ಎಲೆಗೆ ಅಡುಗೆ ಮಾಡಿದವಳು ಅವಳೇ.

ಅಕ್ಟೋಬರ್‌ನಲ್ಲಿ ಪಾಪಾತಿ ಕೂತಲ್ಲೇ ಏದುಸಿರು ಬಿಡತೊಡಗಿದಳು. ತಿರುಪ್ಪೂರಿನ ಡಾಕ್ಟರು ಅವಳ ಎದೆಯ ಚಿತ್ರ ನೋಡಿ, ಮಿಲ್ಲಿನ ಚೀಟಿ ನೋಡಿ, ಮತ್ತೆ ಅವಳನ್ನು ನೋಡಿದರು. ಚೀಟಿಯಲ್ಲಿರುವ ನಾಲ್ಕೂಕಾಲು ಲೀಟರ್ ಗಟ್ಟಿಮುಟ್ಟಾದ ಗಂಡಾಳಿನ ಉಸಿರು, ಈಕೆಯದಲ್ಲ ಎಂದರು. ಜನವರಿಯಲ್ಲೇ ಧೂಳಿನಿಂದ ಬಿಡಿಸಿದ್ದರೆ ಇಷ್ಟಾಗುತ್ತಿರಲಿಲ್ಲ, ಇನ್ನು ಹೋದ ಎದೆ ಬರುವುದಿಲ್ಲ ಎಂದೂ ಹೇಳಿದರು.

ಮರುದಿನ ಬೆಳಗ್ಗೆ ಸುಗನ್ಯಾ ಪಟ್ಟಿ ತೆರೆದಳು. ಪಾಪಾತಿಯ ಮೇಲಿನ ಸಾಲಿನಲ್ಲಿ ಇಪ್ಪತ್ತನಾಲ್ಕರ ಹುಡುಗ ಶರವಣನ್. ನಾಲ್ಕೂಕಾಲು ಲೀಟರ್ ಅವನದು. ಪಾಪಾತಿಯ ಅಳತೆ ಹುಡುಕಿದಾಗ ಏನೂ ಸಿಕ್ಕಿರಲಿಲ್ಲ. ಸಿಗದಿದ್ದರೆ ಹಿಂದಿನವರ ಅಳತೆ ಹಾಗೇ ಉಳಿದು ಇವರ ಚೀಟಿಗೆ ಬೀಳುತ್ತದೆ. ಪ್ರತಿಯೊಬ್ಬರ ಸರದಿಗೂ ಮೊದಲು ಅದನ್ನು ಅಳಿಸಬೇಕಿತ್ತು, ಒಂದೇ ಸಾಲಿನ ಕೆಲಸ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಸುಳ್ಳು. ಮಾಡಿದವಳು ಇವಳು, ಉಂಡವಳು ಚಿಕ್ಕವ್ವ.

ಪಾಪಾತಿಯೊಬ್ಬಳೇ ಅಲ್ಲ. ಅಂದು ಊದದೆಯೇ ‘ಚೆನ್ನಾಗಿದೆ’ ಚೀಟಿ ಪಡೆದವರು ಅವಳೂ ಸೇರಿ ಮೂವತ್ತೇಳು ಮಂದಿ. ನಂದಕುಮಾರ್ ಬಾಗಿಲು ಮುಚ್ಚಿ, ಸದ್ದಿಲ್ಲದೆ ಸರಿಮಾಡು, ಮುಂದಿನ ಜನವರಿಗೆ ಸರಿಯಾದರೆ ಸಾಕು, ಹೆಸರು ಆಚೆ ಹೋದರೆ ನಿನ್ನ ಕೆಲಸವೂ ಹೋಗುತ್ತದೆ ಎಂದರು. ಅವಳು ಹೆಸರುಗಳನ್ನು ಕಾಗದಕ್ಕೆ ಬರೆದುಕೊಂಡು ಹೊರಬಿದ್ದಳು. ಹೆದರಿಕೆ ಕೆಲಸದ್ದಲ್ಲ, ಚಿಕ್ಕವ್ವನ ಮುಖದ್ದು.

ಪಾಪಾತಿ ಗೋಡೆಗೆ ಒರಗಿ ಕೂತಿದ್ದಳು. ಸುಗನ್ಯಾ ಚಪ್ಪಲಿ ಬಿಡುತ್ತಲೇ ಹೇಳಿಬಿಟ್ಟಳು.

“ಚಿಕ್ಕವ್ವ, ಆ ಚೀಟಿ ನಿಂದಲ್ಲ. ನಾ ತಪ್ಪಾಗಿ ಬರ್ದುಬುಟ್ಟೆ.”

ಪಾಪಾತಿ ತುಂಬ ಹೊತ್ತು ಉಸಿರು ಕೂಡಿಸಿಕೊಂಡಳು.

“ಆವಾಗ್ಲೇ ಮೆಟ್ಲು ಹತ್ತಿದ್ರೆ ಮೂಚ್ಚು ಸಾಲ್ತಿರ್ಲಿಲ್ಲ, ಉಸ್ರು ಕಟ್ಟೋದು ನನ್ ಕಣ್ಣೇ. ಡಾಕ್ಟ್ರ ತಾವ ಹೋಗೋಣಾಂತ ಇದ್ದೆ. ಅಷ್ಟ್ರಲ್ಲಿ ಚೀಟಿ ಬಂತು. ನಾ ಊದಿರ್ಲಿಲ್ಲ, ಆದ್ರೂ ನೀ ಬರ್ದಿದ್ದು ತಾನೆ, ಆಮ್ಯಾಕೆ ಎದಕ್ಕೆ ಹೋಗ್ಲಿ ಅಂತ ಬುಟ್ಟೆ.”

ಸುಗನ್ಯಾ ಅಳತೊಡಗಿದಳು. ಪಾಪಾತಿ ಸಮಾಧಾನ ಮಾಡಲಿಲ್ಲ. ಕಾಗದದ ಕಡೆ ಕೈ ತೋರಿಸಿ, ಇನ್ನು ಯಾರ್ಯಾರು, ಓದು ಎಂದಳು.

ಸುಗನ್ಯಾ ಕುಪ್ಪಸಾಮಿ ಎಂದಳು. ಅವನು ಕೆಲಸ ಬಿಟ್ಟು ಪೊಳ್ಳಾಚಿಗೆ ಹೋದ, ಫೋನು ಮಾಡು ಎಂದಳು ಪಾಪಾತಿ. ಸತ್ಯಾ ಎಂದಾಗ, ಹಿಂದಿನ ಬೀದಿಯಲ್ಲೇ ಇದ್ದಾಳೆ, ಇವತ್ತೇ ಹೇಳು ಎಂದಳು. ಮೂರನೆಯದು ಮಾರಪ್ಪನ್.

“ಅವ್ನು ಆಷಾಢದಲ್ಲಿ, ಆಡಿ ತಿಂಗಳ್ಲೇ ಹೋಗ್ಬುಟ್ಟ,” ಎಂದಳು ಪಾಪಾತಿ. “ಅವ್ನ ಹೆಂಡ್ತಿ ಆ ಚೀಟಿ ಹಿಡ್ಕೊಂಡು ಅಳ್ತಿದ್ಲು, ಚೆನ್ನಾಗಿದ್ದವ್ನು ಎಂಗೆ ಸತ್ತಾಂತ.”

ಸುಗನ್ಯಾ ಕಾಗದ ಮಡಿಚಲು ಹೋದಳು. ಪಾಪಾತಿ ಅವಳ ಮಣಿಕಟ್ಟು ಹಿಡಿದು, ಮುಂದಿನ ಹೆಸರು ಓದು ಎಂದಳು. ಇನ್ನೂ ಮೂವತ್ತಮೂರು ಇದ್ದವು.